ಬೆಂಕಿಯ ಸುತ್ತಲಿನ ಹಾಡಿಗೆ ಕಾವಲು

ಸೈನ್ಯವನ್ನೂ ಸೆರೆಮನೆಯನ್ನೂ ಕೈಯಲ್ಲಿಟ್ಟುಕೊಂಡ ಸರಕಾರವೊಂದು, ದಿಬ್ಬದ ಮೇಲೆ ಬೆಂಕಿ ಹೊತ್ತಿಸಿ ಹಾಡುವವರಿಗೆ ಅಂಜುವುದುಂಟೆ? ಉಂಟೆನ್ನುತ್ತದೆ ಲಿಥುವೇನಿಯದ ಇತಿಹಾಸ.

ಯೂರೋಪಿನಲ್ಲಿ ಬಹು ತಡವಾಗಿ, 1387ರಲ್ಲಿ, ಕ್ರೈಸ್ತಮತವನ್ನು ಅಂಗೀಕರಿಸಿದ ನಾಡು ಅದು. ಅರಸರು ದೀಕ್ಷೆ ಪಡೆದರೂ, ಹಳ್ಳಿಗರ 'ದೈನಾ' ಎಂಬ ಹಾಡುಗಳಲ್ಲಿ ಸೂರ್ಯ, ಭೂಮಿ, ಅಗ್ನಿಗಳ ಹಳೆಯ ನೆನಪು ಅಳಿಯಲಿಲ್ಲ. ದೇವರಿಗೆ 'ದಿಯೆವಾಸ್', ಬೆಂಕಿಗೆ 'ಉಗ್ನಿಸ್' ಎನ್ನುವ ಆ ನುಡಿ ಸಂಸ್ಕೃತಕ್ಕೆ ದೂರದ ಸೋದರಿ.

ಸೋವಿಯತ್ ಆಡಳಿತದ ನಡುವೆ, 1967ರ ಬೇಸಗೆಯಲ್ಲಿ, ಯೋನಾಸ್ ತ್ರಿಂಕೂನಾಸ್ ಮತ್ತು ಅವರ ಗೆಳೆಯರು ಕೆರ್ನಾವೆಯ ಪುರಾತನ ಕೋಟೆದಿಬ್ಬಗಳಲ್ಲಿ 'ರಾಸೋಸ್' ಹಬ್ಬವನ್ನು ಮತ್ತೆ ಆಚರಿಸಿದರು. ಹಗಲು ಅತಿ ದೀರ್ಘವಾಗುವ ದಿನದ ಉತ್ಸವವದು. 'ರಾಮುವಾ' ಎಂಬ ಅವರ ಬಳಗದ ಮೇಲೆ ಗುಪ್ತ ಪೊಲೀಸ್ ಸಂಸ್ಥೆಯಾದ ಕೆ.ಜಿ.ಬಿ.ಯ ಕಣ್ಣು ಬಿತ್ತು. 1971ರಲ್ಲಿ ಬಳಗಕ್ಕೆ ನಿಷೇಧ ಬಂದಿತು. 1973ರಲ್ಲಿ ತ್ರಿಂಕೂನಾಸರು ವಿಲ್ನಿಯಸ್ ವಿಶ್ವವಿದ್ಯಾನಿಲಯದಿಂದ ಹೊರಬಿದ್ದರು. ನೆರೆಯ ಲಾಟ್ವಿಯದಲ್ಲಿ ಇಂಥದೇ ಪಂಥವನ್ನು ಕಟ್ಟಿದ ಎರ್ನೆಸ್ಟ್ಸ್ ಬ್ರಾಸ್ಟಿನ್ಷ್‌ರ ಗತಿ ಇನ್ನೂ ಘೋರ: 1940ರಲ್ಲಿ ಬಂಧನ, 1942ರಲ್ಲಿ ಗುಂಡು.

ಸೋಜಿಗವೇನೆಂದರೆ, ಜಾನಪದ ಗೀತೆಗಳನ್ನು ರಂಗದ ಮೇಲೆ ಹಾಡಿಸಿ ಚಪ್ಪಾಳೆ ತಟ್ಟಿದ್ದೂ ಅದೇ ಸರಕಾರ! ಹಾಡು ಪ್ರದರ್ಶನವಾಗಿರುವಷ್ಟು ಕಾಲ ಅದು ಪ್ರಭುತ್ವದ ಅಲಂಕಾರ; ಹಾಡುವವನು ಅದನ್ನು ನಂಬತೊಡಗಿದರೆ ಅಪರಾಧ. ಏಕೆಂದರೆ ನಂಬಿಕೆಯುಳ್ಳವನಿಗೆ ಸರಕಾರಕ್ಕಿಂತ ಹಿರಿದಾದುದೊಂದು ಇರುತ್ತದೆ. ಸರ್ವಾಧಿಕಾರವು ಸಹಿಸಲಾರದ್ದು ಇದನ್ನೇ. ಗೂಢಚರ್ಯೆಯ ನಿಜವಾದ ಕೇಡಾದರೂ ಬಂಧನದಲ್ಲಿಲ್ಲ. ಪಕ್ಕದಲ್ಲಿ ಕೈಹಿಡಿದು ಹಾಡುತ್ತಿರುವವನು ಯಾರ ಕಡೆಯವನೋ ಎಂಬ ಶಂಕೆಯನ್ನು ಬಿತ್ತುವುದರಲ್ಲಿದೆ. ಒಟ್ಟುಗೂಡುವುದೇ ಪೂಜೆಯಾದ ಧರ್ಮಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು?

ಸ್ವಾತಂತ್ರ್ಯ ಬಂದ ಬಳಿಕ, 1992ರಲ್ಲಿ, 'ರೋಮುವಾ' ಎಂಬ ಹೆಸರಿನಲ್ಲಿ ಆ ಸಮುದಾಯ ನೋಂದಣಿಯಾಯಿತು. ಆದರೂ 2019ರಲ್ಲಿ ಸಂಸತ್ತು ಅದಕ್ಕೆ ರಾಜ್ಯಮಾನ್ಯತೆಯನ್ನು ನಿರಾಕರಿಸಿತು. 2021ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯ ಇದನ್ನು ತಪ್ಪೆಂದಿತು. ಮಾನ್ಯತೆ ದೊರೆತದ್ದು 2024ರ ಡಿಸೆಂಬರಿನಲ್ಲಿ. ಅಂದಿನ ಬೇಹಿನ ಕಣ್ಣೂ ಇಂದಿನ ಮತಗಣನೆಯೂ ಒಂದೇ ಎಂದು ನಾನು ಹೇಳಲಾರೆ. ಇಂದು ನ್ಯಾಯಾಲಯದ ಬಾಗಿಲಾದರೂ ತೆರೆದಿತ್ತು. ಆದರೆ ಯಾವ ದೇವರು ಗೌರವಾರ್ಹ ಎಂದು ತೂಗುವ ತಕ್ಕಡಿ ಆಳುವವರ ಕೈಯಲ್ಲಿದ್ದಷ್ಟು ಕಾಲ, ಆ ತಕ್ಕಡಿಯನ್ನೇ ನಾವು ಕಾಯಬೇಕಾಗುತ್ತದೆ. ಕಾವಲು ಬೇಕಾದದ್ದು ಅಧಿಕಾರಕ್ಕೆ, ಹಾಡಿಗಲ್ಲ.