ರವಿವಾರದ ಶಾಲೆ

ಸಂಡೇ ಸ್ಕೂಲ್ ಎಂದರೆ ಬರೀ ಪ್ರಾರ್ಥನೆ, ಹಾಡು ಎಂದುಕೊಂಡವರೇ ಹೆಚ್ಚು. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ಅದನ್ನು ತೆರೆದದ್ದು, ವಾರವೆಲ್ಲ ದುಡಿಯುತ್ತಿದ್ದ ಬಡಮಕ್ಕಳಿಗೆ ಓದು ಕಲಿಸಲು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗುಳೆ ಹೋದವರ ಮಕ್ಕಳಿಗೂ ನಗರದ ಚರ್ಚಿನ ಇಂಥ ತರಗತಿ ಆಸರೆಯಾಗಬಲ್ಲದು. ಕಲಿಸುವವರಿಗೆ ಸಿಗುವ ಸುಖಗಳು ಸಣ್ಣವೇ. ಮೂಲೆಯಲ್ಲಿ ಮುದುಡಿ ಕೂತಿದ್ದ ಹುಡುಗಿ ಒಂದು ದಿನ ತಾನಾಗಿ ಎದ್ದು ಬಂದು, ಹಲಗೆಯ ಮೇಲೆ ತನ್ನೂರ ಹೆಸರು ಬರೆದು, ಎಲ್ಲರತ್ತ ತಿರುಗಿ ನಗುತ್ತಾಳೆ.

ಆ ನಗು ಸೋಮವಾರವೂ ಉಳಿಯಬೇಕು. ಪಾಲಕರೇ, ಊರು ಬಿಟ್ಟರೂ ಶಾಲೆ ಬಿಡಿಸಬೇಡಿ. ವರ್ಗಾವಣೆ ಪತ್ರ ತಡವಾಯಿತೆಂದು 6ರಿಂದ 14 ವರ್ಷದ ಮಗುವಿಗೆ ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹಾಗೆ ಹೇಳಿದೆ. ಧೈರ್ಯವಾಗಿ ಕೇಳಿ.