ಮಲೆನಾಡಿನ ಮನೆಯೂ ಧೂಳೂ

ಆಷಾಢದ ಜಡಿಮಳೆಯಲ್ಲಿ ಮಾಸ್ತಿಕಟ್ಟೆಯ ಬೀದಿಯಲ್ಲಿ ನಿಂತು ಧೂಳಿನ ಮಾತನ್ನೆತ್ತಿದವನನ್ನು ಊರಿನವರು ಕನಿಕರದಿಂದ ನೋಡಿಯಾರು. ಹೊಸನಗರ ತಾಲ್ಲೂಕಿನ ಈ ಊರೂ ಇದರ ನೆರೆಯ ಹುಲಿಕಲ್, ಯಡೂರು, ಮಾಣಿ, ಚಕ್ರಾ, ಸಾವೆಹಕ್ಲುಗಳೂ ಮಳೆಗಾಲದಲ್ಲಿ ವೃತ್ತಪತ್ರಿಕೆಯ ಮಳೆಪ್ರಮಾಣದ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಹೆಸರುಗಳು. ವರ್ಷಕ್ಕೆ 5000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ಇಲ್ಲಿ ಹೊಸ ಸಂಗತಿಯಲ್ಲ. ಆದರೆ ಅದೇ ಊರಿಗೆ ಮಾಘ ಫಾಲ್ಗುಣಗಳಲ್ಲಿ ಬಂದು ನೋಡಬೇಕು. ರಸ್ತೆಯ ಮಗ್ಗುಲ ಬೇಲಿಯ ಎಲೆಗಳು ಹಸಿರನ್ನು ಮರೆತು ಕೆಂಪಗಾಗಿರುತ್ತವೆ. ಕಿಟಕಿಯ ಸರಳಿನ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ. ಬೆಳಿಗ್ಗೆ ಒರೆಸಿದ ಮೇಜು ಸಂಜೆಯ ಹೊತ್ತಿಗೆ ಮತ್ತೆ ಮಾಸಿರುತ್ತದೆ. ಇಷ್ಟು ನೀರು ಕಂಡ ಊರಿನಲ್ಲಿ ಇಷ್ಟು ಧೂಳು ಎಲ್ಲಿಂದ ಬಂತು ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಿದರೂ ವಿಚಾರಕ್ಕೆ ಯೋಗ್ಯವಾದುದು.

ಈ ಪ್ರಶ್ನೆಗೆ ಮನೆಮನೆಯಲ್ಲಿಯೂ ಒಂದು ಸಿದ್ಧ ಉತ್ತರವಿದೆ: “ಸರಿಯಾಗಿ ಗುಡಿಸಿಲ್ಲ.” ಮನೆಗೆ ಬಂದ ನೆಂಟರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುವುದು ಇದನ್ನೇ. ಮನೆಯ ಯಜಮಾನನಂತೂ ಬಾಯಿಬಿಟ್ಟೇ ಹೇಳುವನು. ಗೃಹಿಣಿಯು ಮತ್ತೊಮ್ಮೆ ಕಸಬರಿಗೆಯನ್ನು ಕೈಗೆತ್ತಿಕೊಳ್ಳುವಳು. ಧೂಳಿನ ಅಪರಾಧವನ್ನು ಗುಡಿಸುವವರ ತಲೆಗೆ ಕಟ್ಟುವ ಈ ರೂಢಿಯು ಅನ್ಯಾಯವಷ್ಟೇ ಅಲ್ಲ, ತಪ್ಪು ತಿಳಿವಳಿಕೆಯೂ ಹೌದು. ಧೂಳು ಹುಟ್ಟುವ ಎಡೆಗಳು ಬೇರೆಯೇ ಇವೆ. ಅದನ್ನು ಓಡಿಸುವುದಕ್ಕೆಂದು ಮಾಡುವ ಒಣ ಗುಡಿಸುವಿಕೆಯು ಅದರಲ್ಲಿ ಅತ್ಯಂತ ಅಪಾಯಕರವಾದ ಅಂಶವನ್ನು ನೆಲದಿಂದೆಬ್ಬಿಸಿ, ಗುಡಿಸುವವಳ ಶ್ವಾಸಕೋಶಕ್ಕೆ ಒಪ್ಪಿಸುತ್ತದೆ.

ಮೊದಲು ಹೊರಗಿನ ಧೂಳನ್ನು ನೋಡಬಹುದು. ಘಟ್ಟದ ಮೇಲಿನ ಈ ಸೀಮೆಯ ನೆಲ ಜಂಬಿಟ್ಟಿಗೆಯದು. ಸಾವಿರಾರು ವರ್ಷಗಳ ಮಳೆಯಲ್ಲಿ ಬಂಡೆಯೊಳಗಿನ ಕರಗುವ ಸತ್ತ್ವಗಳೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದು ಆದ ಮಣ್ಣು ಇದು. ಅದರ ಕೆಂಪು ಕಬ್ಬಿಣದ ಕೆಂಪು. ಇಂಥ ಕಲ್ಲನ್ನು ಮಲಬಾರಿನ ಅಂಗಡಿಪುರದಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕನನ್. ಅದೇ ಪ್ರವಾಸದಲ್ಲಿ ಅವನು ಬಿದನೂರನ್ನೂ ಕಂಡುಹೋದನು. ಕನ್ನಡಿಗರು ಅವನಿಗಿಂತ ಎಷ್ಟೋ ಮೊದಲೇ ಅದನ್ನು ಜಂಬಿಟ್ಟಿಗೆ ಎಂದು ಕರೆದಿದ್ದರೆಂಬುದು ಬೇರೆ ಮಾತು. ಈ ಮಣ್ಣು ಹಸಿಯಾಗಿದ್ದಾಗ ಕಾಲಿಗೆ ಮೆತ್ತುವುದು, ಒಣಗಿದಾಗ ಹಿಟ್ಟಾಗುವುದು. ಮಳೆಗಾಲದಲ್ಲಿ ಕೊಚ್ಚಿಬಂದು ರಸ್ತೆಯ ಇಕ್ಕೆಲಗಳಲ್ಲಿ ನಿಂತ ಕೆಸರು ಕಾರ್ತಿಕದ ಬಿಸಿಲಿಗೆ ಬಿರಿದು, ಲಾರಿಯ ಗಾಲಿಗೆ ಸಿಕ್ಕಿ ನುರಿದು, ಬಸ್ಸಿನ ಹಿಂದೆ ಮೋಡದಂತೆ ಏಳುತ್ತದೆ. ಮಳೆ ಹೆಚ್ಚಾದಷ್ಟೂ ಕೊಚ್ಚಿಬರುವ ಮಣ್ಣು ಹೆಚ್ಚು, ಆದುದರಿಂದ ಬೇಸಿಗೆಯ ಧೂಳೂ ಹೆಚ್ಚು. ವಾರಾಹಿ ಜಲವಿದ್ಯುತ್ ಯೋಜನೆಯೊಡನೆ ಬೆಳೆದ ಊರು ಮಾಸ್ತಿಕಟ್ಟೆ. 1989ರಲ್ಲಿ ಭೂಗರ್ಭ ವಿದ್ಯುದಾಗಾರದ ಮೊದಲ ಘಟಕವು ಚಾಲನೆಗೊಳ್ಳುವ ಮುನ್ನ ಬೆಟ್ಟವನ್ನು ಕೊರೆದು, ಕಲ್ಲನ್ನು ಒಡೆದು, ಮಣ್ಣನ್ನು ಸಾಗಿಸಬೇಕಾಯಿತು. ನಾಡಿಗೆ ಬೆಳಕನ್ನು ಕೊಟ್ಟ ಕಾರ್ಯಕ್ಕೆ ಈ ಸೀಮೆ ತೆತ್ತ ಬೆಲೆಗಳಲ್ಲಿ ಧೂಳು ಬಹುಶಃ ಅತ್ಯಂತ ಚಿಕ್ಕದು; ಮುಳುಗಡೆಯ ಮಾತೆತ್ತಿದರೆ ಧೂಳಿನ ಮಾತು ಯಾರಿಗೂ ನೆನಪಾಗದು.

ಹೊರಗಿನ ಮಣ್ಣು ಗಾಳಿಯಲ್ಲಿ ತೇಲಿ ಬರುವುದಷ್ಟೇ ಅಲ್ಲ, ಕಾಲಿನಲ್ಲಿ ನಡೆದೂ ಬರುತ್ತದೆ. ಮನೆಯ ಧೂಳೆಲ್ಲ ಮನುಷ್ಯನ ಉದುರಿದ ಚರ್ಮವೆಂಬ ಒಂದು ಮಾತು ಈಚೆಗೆ ಬಹಳ ಪ್ರಚಾರದಲ್ಲಿದೆ. ಕದಕಿಟಕಿಗಳನ್ನು ಮುಚ್ಚಿಕೊಂಡು ಬಾಳುವ ಶೀತದೇಶದ ಮನೆಗಳ ವಿಷಯದಲ್ಲಿಯೂ ಅದು ಉತ್ಪ್ರೇಕ್ಷೆಯೇ. ಹಗಲೆಲ್ಲ ಹೆಬ್ಬಾಗಿಲು ತೆರೆದಿರುವ, ತೋಟಕ್ಕೂ ಕೊಟ್ಟಿಗೆಗೂ ದಿನಕ್ಕೆ ಇಪ್ಪತ್ತು ಸಲ ಓಡಾಡುವ ಮಲೆನಾಡಿನ ಮನೆಗೆ ಅದು ಸಲ್ಲುವುದೇ ಇಲ್ಲ. ಇಲ್ಲಿಯ ಧೂಳಿನಲ್ಲಿ ಮಣ್ಣೇ ಮೊದಲನೆಯದು.

ಎರಡನೆಯದು ಒಲೆ. ಅಡಿಗೆಮನೆಯ ಒಲೆ ಎಷ್ಟೋ ಮನೆಗಳಲ್ಲಿ ಅನಿಲಕ್ಕೆ ತಿರುಗಿದ್ದರೂ ಬಚ್ಚಲ ಹಂಡೆಯ ಒಲೆ ಇನ್ನೂ ಸೌದೆಯನ್ನು ಬಿಟ್ಟಿಲ್ಲ. ಅಡಿಕೆ ಬೇಯಿಸುವ ಒಲೆಯಂತೂ ಬಿಡುವಂತಿಲ್ಲ. ಅಟ್ಟದ ತೊಲೆಗಳಿಂದ ನೇತಾಡುವ ಇಲ್ಲಣ, ಒಲೆಬೂದಿ, ಹೊಗೆಯ ಮಸಿ ಎಲ್ಲವೂ ಕಡೆಗೆ ನೆಲಕ್ಕೇ ಇಳಿಯುವವು. ಈ ಹೊಗೆಯನ್ನು ಕಡಮೆ ಮಾಡುವ ಸಲುವಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ವಿಭಾಗವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯನ್ನೂ ಕಣ್ಣನ್ನೂ ಒಟ್ಟಿಗೆ ಉಳಿಸುವ ಆ ಒಲೆಯ ಹೊಗೆಕೊಳವೆಯನ್ನು ಕಾಲಕಾಲಕ್ಕೆ ತೆಗೆದು ಮಸಿ ಬಡಿಯುವ ತಾಳ್ಮೆ ಬಹಳ ಮನೆಗಳಲ್ಲಿ ಇರಲಿಲ್ಲ. ಇನ್ನು ಮಾಡಿನ ವಿಚಾರ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಸೋಗೆಯ ಮನೆಗಳು ಒಂದೊಂದಾಗಿ ಹಂಚಿಗೆ ಬದಲಾದವು. ಹಂಚು ಬೆಂಕಿಯ ಭಯವನ್ನು ತಪ್ಪಿಸಿತು, ಧೂಳಿನ ದಾರಿಯನ್ನು ಮುಚ್ಚಲಿಲ್ಲ. ಹಂಚಿನ ಸಂದಿನಿಂದ ಗಾಳಿಯೂ ಒಣಗಿದೆಲೆಯ ಪುಡಿಯೂ ಇಳಿಯುವವು. ಪಕಾಸಿ ರೀಪುಗಳನ್ನು ಕೊರೆಯುವ ಹುಳು ಮರದ ಹುಡಿಯನ್ನು ಉದುರಿಸುತ್ತಲೇ ಇರುವುದು. ಗೋಟಡಿಕೆ ಸುಲಿಯುವ ದಿನಗಳಲ್ಲಿ ಜಗಲಿಯಿಂದ ಒಳಮನೆಯವರೆಗೆ ಸಿಪ್ಪೆಯ ನವಿರು ಹುಡಿ ಹರಡುವುದು.

ಇವೆಲ್ಲವೂ ಕಣ್ಣಿಗೆ ಕಾಣುವ ಕಾರಣಗಳು. ಮಳೆಯೇ ಹೆರುವ ಧೂಳೊಂದಿದೆ ಎಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು. ಶ್ರಾವಣದಲ್ಲಿ ಗೋಡೆಗೂ ಪೆಟ್ಟಿಗೆಯೊಳಗಿನ ಬಟ್ಟೆಗೂ ಪುಸ್ತಕದ ರಟ್ಟಿಗೂ ಹಿಡಿಯುವ ಬೂಷ್ಟು ಬಿಸಿಲು ಬಂದೊಡನೆ ಸತ್ತುಹೋಗುವುದಿಲ್ಲ. ಅದರ ಬೀಜಾಣುಗಳು ಒಣಗಿ, ಹಗುರಾಗಿ, ಗಾಳಿಗೇರುತ್ತವೆ. ಹತ್ತಿಯ ಹಾಸಿಗೆ ದಿಂಬುಗಳೊಳಗೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಉದ್ದವಿಲ್ಲದ, ಎಂಟು ಕಾಲಿನ ನುಸಿಯೊಂದು ಬಾಳುತ್ತದೆ. ಮನುಷ್ಯನ ಉದುರಿದ ಚರ್ಮವೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಒಣಹವೆಯ ನಾಡಿನಲ್ಲಿ ಅದು ನಶಿಸುತ್ತದೆ, ಮಲೆನಾಡಿನ ಮಳೆಗಾಲವಾದರೋ ಅದರ ಪಾಲಿಗೆ ಸುಗ್ಗಿ. ಹಾಲೆಂಡಿನ ಲೈಡನ್ ನಗರದ ಫೋರ್‌ಹಾರ್ಸ್ಟ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ, ಮನೆಯ ಧೂಳಿನಿಂದ ಉಬ್ಬಸ ಬರುವವರಿಗೆ ಆ ತೊಂದರೆಯನ್ನು ಕೊಡುವುದು ಮುಖ್ಯವಾಗಿ ಈ ನುಸಿಯೇ ಎಂದು ತೋರಿಸಿದರು. ನುಸಿಯ ದೇಹದ ತುಣುಕು ಮತ್ತು ಹಿಕ್ಕೆಗಳು ಒಣಗಿ ಧೂಳಾಗಿ ಉಸಿರಿನೊಡನೆ ಒಳಸೇರುತ್ತವೆ. ಆದಕಾರಣ ಪುಷ್ಯಮಾಸದಲ್ಲಿ ಮಗುವನ್ನು ಕೆಮ್ಮಿಸುವ ಧೂಳು ಶ್ರಾವಣದಲ್ಲಿಯೇ ಹಾಸಿಗೆಯಲ್ಲಿ ಸಿದ್ಧವಾಗಿದ್ದಿರಬಹುದು. ಎಳೆಬಿಸಿಲು ಕಂಡ ಮೊದಲ ವಾರದಲ್ಲಿಯೇ ಹಾಸಿಗೆಗಳನ್ನು ಅಂಗಳಕ್ಕೆ ಹಾಕಿ ಎರಡೂ ಮಗ್ಗುಲು ಕಾಯಿಸಿ, ಮನೆಯಿಂದ ದೂರದಲ್ಲಿ ಬಡಿದು, ಮುಸುಕುಗಳನ್ನು ಕುದಿಯುವಷ್ಟು ಬಿಸಿನೀರಿನಲ್ಲಿ ಅದ್ದಿ ಒಗೆಯುವ ಹಳೆಯ ಪದ್ಧತಿ ಇದಕ್ಕೆ ಅತ್ಯುತ್ತಮ ಪ್ರತಿಕಾರ. 60 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ನುಸಿ ಉಳಿಯದು. ಹಂಡೆಯ ನೀರು ಅದಕ್ಕೆ ಧಾರಾಳವಾಗಿ ಸಾಕು.

ಹಳೆಯ ಪದ್ಧತಿಯೆಂದೊಡನೆ ಹಿಂದಿನವರ ಮನೆಯಲ್ಲಿ ಧೂಳೇ ಇರಲಿಲ್ಲವೆಂದು ಹೊಗಳುವವರುಂಟು. ಅದು ಸತ್ಯವಲ್ಲ. ಸೆಗಣಿ ಸಾರಿಸಿದ ನೆಲ ಬೇಸಿಗೆಯಲ್ಲಿ ಹಕ್ಕಳೆಯೆದ್ದು ತಾನೇ ಪುಡಿಯಾಗುತ್ತಿತ್ತು. ಮಣ್ಣಿನ ಬಣ್ಣದ ನೆಲದ ಮೇಲೆ ಮಣ್ಣು ಕಾಣುತ್ತಿರಲಿಲ್ಲ, ಅಷ್ಟೆ. ಬಿಳಿಯ ಟೈಲ್ಸಿನ ಮೇಲೆ ಅದೇ ಮಣ್ಣು ಎದ್ದು ಕಾಣುವುದರಿಂದ ಕಾಲ ಕೆಟ್ಟಿತೆಂದು ತೋರುತ್ತದೆ. ಆದರೆ ಒಂದು ಆಚಾರದ ಮಟ್ಟಿಗೆ ಹಿಂದಿನವರು ನಿಸ್ಸಂಶಯವಾಗಿ ಮುಂದಿದ್ದರು. ಅಂಗಳದ ಅಂಚಿನಲ್ಲಿ ಕಲ್ಲಿನ ಮರಿಗೆಯಲ್ಲಿ ನೀರು, ಬದಿಯಲ್ಲೊಂದು ತಂಬಿಗೆ. ಬಂದವರು ಯಾರೇ ಆಗಲಿ ಕಾಲು ತೊಳೆದೇ ಜಗಲಿ ಹತ್ತಬೇಕು. “ಕಾಲಿಗೆ ನೀರು ತಗೊಳ್ಳಿ” ಎಂಬುದು ಉಪಚಾರದ ಮೊದಲ ಮಾತಾಗಿತ್ತು. ಅದನ್ನು ಮಡಿಯೆಂದು ಕರೆದರೂ ಸರಿ, ಮರ್ಯಾದೆಯೆಂದು ಕರೆದರೂ ಸರಿ, ಧೂಳನ್ನು ಹೊಸ್ತಿಲಾಚೆಯೇ ತಡೆಯುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ಇನ್ನೂ ಕಾಣಬೇಕಾಗಿದೆ. ಈಗ ಮರಿಗೆ ಹೂವಿನ ಕುಂಡವಾಗಿದೆ. ಪೇಟೆಯಿಂದ ಬಂದವರು ಬೂಟುಗಾಲಿನಲ್ಲಿ ಸೋಫಾದವರೆಗೆ ಬಂದರೆ ಬೇಡವೆನ್ನಲು ಮನೆಯವರಿಗೆ ಸಂಕೋಚ.

ಇನ್ನು ಕಸಬರಿಗೆಯ ವಿಚಾರ. ಧೂಳಿನ ಕಣಗಳೆಲ್ಲ ಒಂದೇ ಗಾತ್ರದವಲ್ಲ. ಮರಳಿನಂಥ ದಪ್ಪ ಕಣ ಎದ್ದಲ್ಲಿಯೇ ಬೀಳುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗದ ಕಣವು ಅಲುಗಾಡದ ಗಾಳಿಯಲ್ಲಿ ಒಂದು ಮೀಟರು ಇಳಿಯಲು ಸುಮಾರು ಐದು ನಿಮಿಷ ಬೇಕು. ಸಾವಿರದ ಒಂದು ಭಾಗದ ಕಣಕ್ಕಾದರೋ ಸುಮಾರು ಎಂಟು ಗಂಟೆ. ಕಸಬರಿಗೆಯ ಕಡ್ಡಿಗೆ ಸಿಕ್ಕುವುದು ದಪ್ಪ ಕಣ ಮಾತ್ರ, ನಯವಾದುದು ಮೇಲೇಳುತ್ತದೆ. ಮೂಗು ಗಂಟಲುಗಳ ತಡೆಯನ್ನು ದಾಟಿ ಶ್ವಾಸಕೋಶದ ಆಳಕ್ಕಿಳಿಯುವುದು ಆ ನಯವಾದುದೇ. ಬೆಳಿಗ್ಗೆ ಗುಡಿಸಿದ ಕೋಣೆಯಲ್ಲಿ ಹಂಚಿನ ಗಾಜಿನಿಂದ ಬಿದ್ದ ಬಿಸಿಲಕೋಲನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಇದರಲ್ಲಿ ಒಂದು ಸೋಜಿಗವುಂಟು. ಅಂಗಳ ಗುಡಿಸುವಾಗ ನೀರು ಚಿಮುಕಿಸದ ಹೆಂಗಸು ಮಲೆನಾಡಿನಲ್ಲಿ ಇಲ್ಲ. ಹೊಸ್ತಿಲು ದಾಟಿ ಒಳಗೆ ಬಂದೊಡನೆ ಅದೇ ಕೈ ಒಣನೆಲವನ್ನು ಬರಬರನೆ ಗುಡಿಸುತ್ತದೆ. ಬಯಲಿನಲ್ಲಿ ಪಾಲಿಸುವ ಜಾಣ್ಮೆ ಮುಚ್ಚಿದ ಕೋಣೆಯಲ್ಲಿ ಇನ್ನೂ ಹೆಚ್ಚು ಅಗತ್ಯವಲ್ಲವೆ?

ಒಳಗೂ ತೇವವೇ ಮದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಗುಡಿಸಲೇಬೇಕಾದರೆ ನೀರಿನಲ್ಲಿ ನೆನೆಸಿ ಹಿಂಡಿದ ಮರದ ಹೊಟ್ಟನ್ನು ನೆಲಕ್ಕೆ ಚೆಲ್ಲಿ ಅದರೊಡನೆ ಗುಡಿಸಬೇಕು. ಇಲ್ಲಣ, ಜೇಡರಬಲೆಗಳನ್ನು ತೆಗೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೇಲಿನಿಂದ ಕೆಳಕ್ಕೆ ಬರುತ್ತ, ಕೆಲಸ ಮುಗಿದ ಅರ್ಧ ಗಂಟೆಯ ಬಳಿಕ ನೆಲವನ್ನು ಒರೆಸಬೇಕು. ಒಡನೆಯೇ ಒರೆಸಿದರೆ ಧೂಳಿನ್ನೂ ಗಾಳಿಯಲ್ಲಿರುತ್ತದೆ. ಬಾಗಿಲ ಹೊರಗೊಂದು ಒರಟು ನಾರಿನ ಕಾಲೊರಸು, ಒಳಗೊಂದು ಬಟ್ಟೆಯದು. ರಸ್ತೆಯ ಕಡೆಗೆ ದಟ್ಟವಾದ ದಾಸವಾಳದ ಬೇಲಿ. ಹೊಗೆಯೆಬ್ಬಿಸುವ ಒಲೆಗೆ ಹೊಗೆಕೊಳವೆ. ಇಷ್ಟರಿಂದಲೇ ಬಹುಪಾಲು ಕೆಲಸ ಆಗುತ್ತದೆ. ಮನೆಯ ಮುಂದಿನ ಕಚ್ಚಾ ರಸ್ತೆಯಲ್ಲಿ ವಾಹನಗಳು ಮೆಲ್ಲಗೆ ಹೋದಷ್ಟೂ ಧೂಳು ಕಡಮೆ ಏಳುತ್ತದೆ. ಆದರೆ ಆ ಹಿತವಚನವನ್ನು ಬಸ್ಸಿನ ಚಾಲಕನಿಗೆ ಹೇಳಿ ಒಪ್ಪಿಸಿದವರು ಅಪರೂಪ.

ಈ ವಿಷಯವು ಶಾಲೆಯ ಸಂಚಿಕೆಯಲ್ಲಿ ಏಕೆ ಎಂದು ಕೇಳುವವರು ಯಾವುದಾದರೂ ಹಳ್ಳಿಯ ಶಾಲೆಗೆ ಪ್ರಾರ್ಥನೆಯ ಗಂಟೆಗೆ ಕಾಲು ಗಂಟೆ ಮುಂಚಿತವಾಗಿ ಹೋಗಿ ನೋಡಬೇಕು. ತರಗತಿಯ ಕೋಣೆಯನ್ನು ಮಕ್ಕಳು ಒಣದಾಗಿ ಗುಡಿಸುತ್ತಿರುತ್ತಾರೆ. ಆ ಧೂಳಿನ್ನೂ ನೆಲಕ್ಕಿಳಿಯುವ ಮೊದಲೇ ಎಲ್ಲರೂ ಬಂದು ಕುಳಿತು ಪಾಠಕ್ಕೆ ಬಾಯಿ ತೆರೆಯುತ್ತಾರೆ. ತಮ್ಮ ಕೋಣೆಯನ್ನು ತಾವೇ ಶುಚಿಗೊಳಿಸುವುದು ಒಳ್ಳೆಯ ಶಿಕ್ಷಣ. ಅದನ್ನು ಬಿಡಬೇಕಾದ ಕಾರಣವಿಲ್ಲ. ಆದರೆ ಕಸಬರಿಗೆ ಹೆಣ್ಣುಮಕ್ಕಳ ಕೈಗೂ ಗಿಡಕ್ಕೆ ನೀರೆರೆಯುವ ಬಿಂದಿಗೆ ಗಂಡುಮಕ್ಕಳ ಕೈಗೂ ಹೋಗುವ ವಾಡಿಕೆ ಇನ್ನೂ ಹಲವೆಡೆ ಉಳಿದಿದೆ. ಅದು ಮನೆಯ ಅನ್ಯಾಯವನ್ನೇ ಶಾಲೆಯಲ್ಲಿ ಪಾಠವಾಗಿ ಕಲಿಸಿದಂತೆ. ಸರದಿ ಎಲ್ಲರಿಗೂ ಬರಬೇಕು, ಗುಡಿಸುವ ಹೊತ್ತು ಬೆಳಗ್ಗಿಗೆ ಬದಲು ಸಂಜೆ ಶಾಲೆ ಬಿಟ್ಟ ಮೇಲೆ ಆಗಬೇಕು, ಕೈಯಲ್ಲಿ ಒದ್ದೆ ಬಟ್ಟೆಯಿರಬೇಕು. ಕರಿಹಲಗೆಯ ಕೆಳಗಿನ ಸೀಮೆಸುಣ್ಣದ ಪುಡಿಯನ್ನೂ ಅದೇ ಬಟ್ಟೆಯಿಂದ ತೆಗೆಯಬೇಕು. ಒರಸುವ ಡಸ್ಟರನ್ನು ಕಿಟಕಿಯ ಹೊರಗೆ ಚಾಚಿ ಬಡಿದರೆ ಮುಂದಿನ ಸಾಲಿನ ಮಕ್ಕಳೂ ಉಪಾಧ್ಯಾಯರೂ ಒಟ್ಟಿಗೆ ಬದುಕಿಯಾರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವರ ಗಂಟಲು ಹೇಗಿರುತ್ತದೆಂಬುದನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ದಾನಿಗಳ ಕುರಿತೂ ಒಂದು ಮಾತು ಸಲ್ಲುತ್ತದೆ. ಕೊಠಡಿ ಕಟ್ಟಿಸುವ, ಸಭಾಭವನಕ್ಕೆ ಹಣ ನೀಡುವ ಔದಾರ್ಯಕ್ಕೆ ಘಟ್ಟದ ಸೀಮೆಯಲ್ಲಿ ಬರವಿಲ್ಲ. ಅವರಿಂದಲೇ ಎಷ್ಟೋ ಶಾಲೆಗಳು ನಿಂತಿವೆ. ಆದರೆ ಹೊಸ ಕೊಠಡಿಗೆ ನುಣುಪಾದ ನೆಲ ಹಾಕಿಸಿ, ಮೆಟ್ಟಿಲಿನಿಂದ ಗೇಟಿನವರೆಗಿನ ಮಣ್ಣನ್ನು ಹಾಗೆಯೇ ಬಿಟ್ಟರೆ ಆ ಮಣ್ಣು ನೂರಾರು ಪುಟ್ಟ ಪಾದಗಳ ಮೇಲೆ ಸವಾರಿ ಮಾಡಿ ದಿನವೂ ಒಳಕ್ಕೆ ಬರುತ್ತದೆ. ಗೇಟಿನಿಂದ ಮೆಟ್ಟಿಲಿನವರೆಗೆ ಜಂಬಿಟ್ಟಿಗೆಯದಲ್ಲದ ಗಟ್ಟಿಕಲ್ಲಿನ ಹಾಸು, ಮೆಟ್ಟಿಲ ಬಳಿ ನಾಲ್ಕು ನಲ್ಲಿಗಳಿರುವ ಕಾಲು ತೊಳೆಯುವ ಕಟ್ಟೆ, ಅದರ ನೀರು ಹರಿದು ಬಾಳೆಗಿಡಕ್ಕೆ ಹೋಗುವ ಒಂದು ಕಾಲುವೆ, ಇವುಗಳಿಗೆ ಬೇಕಾದ ಹಣ ಒಂದು ಕೊಠಡಿಯ ವೆಚ್ಚದ ಅಲ್ಪ ಪಾಲು. ಅಂಥ ಕಟ್ಟೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಸ್ಥಳ ಸಾಲದೆಂಬುದೊಂದೇ ಅದರ ಕೊರತೆ. ಕಟ್ಟುವ ಕೆಲಸವನ್ನು ದೀಪಾವಳಿ ಕಳೆದೊಡನೆ ಹಿಡಿದರೆ ಕಲ್ಲು ಕೂರಲು ನೆಲ ಒಣಗಿರುತ್ತದೆ, ನಲ್ಲಿಗೆ ಬಾವಿಯಲ್ಲಿ ನೀರೂ ಇರುತ್ತದೆ; ರಸ್ತೆಯ ಕೆಂಧೂಳು ಏಳುವ ಹೊತ್ತಿಗೆ ಮಕ್ಕಳು ಕಾಲು ತೊಳೆದು ಮೆಟ್ಟಿಲು ಹತ್ತುತ್ತಿರಬಹುದು.