ಖುರ್ಚಿ ಅಕ್ಕನದು, ಮಾತು ಯಾರದು?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಕೊಟ್ಟಿತು. ಇವತ್ತು ಕೇರಳ, ಮಹಾರಾಷ್ಟ್ರ, ತಮಿಳುನಾಡು, ಆಂಧ್ರದಲ್ಲಿ ಅದು ಅರ್ಧ.

ಆದ್ರೆ ನಮ್ಮ ಅಕ್ಕ ಗೆದ್ದು ಒಳಗೆ ಹೋದ್ರೆ ನೋಟಿಸು, ಠರಾವು ಜತ್ತ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು. "ನೀ ಸಹಿ ಮಾಡು ಸಾಕು, ಓದೋದು ನಾ ನೋಡ್ಕೋತೀನಿ" ಅಂತಾನೆ ಗಂಡ. ಗಂಡನ ದರ್ಬಾರು ಎಲ್ಲಾ ಕಡೆ ಇದೆ. ಗಡಿಯಲ್ಲಿ ಅದಕ್ಕೆ ಭಾಷೆಯ ನೆಪವೂ ಸಿಕ್ಕಿದೆ. ಹಾಗಾಗಿ ಇಲ್ಲಿ ಕನ್ನಡದ ಹಕ್ಕು, ಹೆಣ್ಣಿನ ಹಕ್ಕು ಬೇರೆ ಬೇರೆ ಅಲ್ಲ.

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು 350ನೇ ವಿಧಿ ಕೊಟ್ಟಿದೆ. ಗೆಳೆಯರೇ, ಸಭೆಯ ಕಾಗದ ಕನ್ನಡದಲ್ಲೂ ಬೇಕು ಅಂತ ಕನ್ನಡದಲ್ಲೇ ಅರ್ಜಿ ಬರೀರಿ. ಅಲ್ಲೀತನಕ ಠರಾವನ್ನು ಅಕ್ಕನಿಗೇ ಓದಿ ಹೇಳಿ, ಆಕೆಯ ಗಂಡನಿಗಲ್ಲ.